ಆ ಸದ್ದು ಯಾವ ಪೆಟ್ಟಿಗೆಯದು?

ಶನಿವಾರ ರಾತ್ರಿ ಹನ್ನೊಂದರ ಹೊತ್ತು. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳಲ್ಲಿ ಒಂದೊಂದೇ ದೀಪ ಆರುತ್ತಿದ್ದರೂ ಹನ್ನೆರಡನೇ ಮಹಡಿಯ ಒಂದು ಕಿಟಕಿಯಲ್ಲಿ ಇನ್ನೂ ಬೆಳಕಿದೆ. ವಾರವಿಡೀ ಕೋಡ್ ಬರೆದು ದಣಿದವರು ಈಗ ಕಿವಿಗೆ ಹೆಡ್‌ಫೋನ್ ಏರಿಸಿ ಒಂದು ವಿಡಿಯೊ ನೋಡುತ್ತಿದ್ದಾರೆ. ಪರದೆಯ ಮೇಲೆ ಮೆಚ್ಚಿನ ಕಲಾವಿದ ಮಬ್ಬುಗತ್ತಲ ಕೋಣೆಯಲ್ಲಿ ಕೂತು ನುಡಿಸುತ್ತಿದ್ದಾನೆ. ಸಾಹಿತ್ಯವಿಲ್ಲ, ತಾಳವೂ ನೆಟ್ಟಗೆ ಸಿಗುತ್ತಿಲ್ಲ. ನೆಲದಡಿಯಿಂದ ಏಳುವಂಥ ಗುಂಯ್ ಎನ್ನುವ ನಾದವೊಂದು ಉಬ್ಬಿ, ಸೀಳಿ, ಮತ್ತೆ ಕೂಡಿಕೊಳ್ಳುತ್ತಿದೆ. ವಿಡಿಯೊ ನಿಲ್ಲುತ್ತದೆ, ಹಿಂದಕ್ಕೆ ಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಕಲಾವಿದನ ಎಡಗೈ ಪಕ್ಕದಲ್ಲಿ ನಾಲ್ಕು ನಾಬ್, ಒಂದು ಕೆಂಪು ದೀಪ ಇರುವ ಪೆಟ್ಟಿಗೆ. ಏನದು?

ಸಂಗೀತದ ಹುಚ್ಚು ಹಿಡಿದವರಿಗೆ ಇದು ಹೊಸ ಚಾಳಿಯೇನಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಯಲ್ಲಿ ಗಾಯಕರ ಹಿಂದಿಟ್ಟ ಶ್ರುತಿಪೆಟ್ಟಿಗೆ ಯಾವ ಕಂಪನಿಯದು ಎಂದು ಕತ್ತು ಚಾಚುವ ರಸಿಕರು, ಯಕ್ಷಗಾನದ ಆಟ ಮುಗಿದ ಮೇಲೆ ಭಾಗವತರ ಬಳಿ ಹೋಗಿ ಪೆಟ್ಟಿಗೆಯ ಬಗ್ಗೆ ವಿಚಾರಿಸುವ ಹವ್ಯಾಸಿಗಳು, ಇವರೆಲ್ಲ ಕೇಳುವುದೂ ಇದನ್ನೇ. ಪ್ರಯೋಗಶೀಲ ಸಂಗೀತದಲ್ಲಿ ಮಾತ್ರ ಈ ಪ್ರಶ್ನೆ ಬಿಗಿಯಾಗುತ್ತದೆ. ಅಲ್ಲಿ ರಾಗ, ಸಾಹಿತ್ಯಗಳು ಹಿಂದೆ ಸರಿದು ಸದ್ದಿನ ಮೈಯೇ ಮುಂದೆ ಬಂದಿರುತ್ತದೆ. ವೀಣೆಯ ನಾದ ಕೇಳಿದರೆ ವೀಣೆ ಎಂದು ಗೊತ್ತಾಗುತ್ತದೆ. ಇಲ್ಲಿ ಕೇಳಿದ್ದು ಏನೆಂದು ಹೇಳುವುದಕ್ಕೇ ಬರುವುದಿಲ್ಲ.

ಪತ್ತೆ ಮಾಡಲು ದಾರಿಗಳಿವೆ. ಕಣ್ಣು, ಕಿವಿ, ಪೆಟ್ಟಿಗೆಯ ಒಳಮೈ, ಕಾಗದಪತ್ರ. ಈ ಹುಡುಕಾಟದ ಒಂದು ಮುಖ್ಯ ಎಳೆ ಬೆಂಗಳೂರಿನ ಅಂಚಿನಲ್ಲೇ, ಎಲೆಕ್ಟ್ರಾನಿಕ್ ಸಿಟಿ ಮತ್ತು ಜಾಲಹಳ್ಳಿ–ಪೀಣ್ಯದ ಆಸುಪಾಸಿನಲ್ಲೇ ಹಾದುಹೋಗುತ್ತದೆ ಎಂಬುದು ಅನೇಕರಿಗೆ ಅರ್ಧ ಮಾತ್ರ ಗೊತ್ತು.

ಕಣ್ಣಿಗೆ ಸಿಗುವ ಸುಳಿವು

ಸಂಗೀತದ ಯಂತ್ರಗಳಿಗೂ ಮುಖಲಕ್ಷಣ ಇರುತ್ತದೆ. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303 ಎಂದರೆ ಬೆಳ್ಳಿಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ, ಮೇಲ್ಗಡೆ ಸಾಲಾಗಿ ಆರು ಪುಟ್ಟ ನಾಬ್. ಅದೇ ಕಂಪನಿಯ ತಾಳಯಂತ್ರ ಟಿಆರ್-808 ಎಂದರೆ ಕೆಂಪು, ಕಿತ್ತಳೆ, ಹಳದಿ, ಬಿಳಿ ಬಣ್ಣದ ಹದಿನಾರು ಗುಂಡಿಗಳ ಸಾಲು. ಬಣ್ಣದ ಆ ಸಾಲೊಂದು ಚೌಕಟ್ಟಿನ ಮೂಲೆಯಲ್ಲಿ ಇಣುಕಿದರೂ ಬಲ್ಲವರಿಗೆ ಸಾಕು.

ಗೋಡೆಯಗಲದ ಚೌಕಟ್ಟಿನಲ್ಲಿ ಹತ್ತಾರು ಫಲಕ, ಅವುಗಳ ನಡುವೆ ಬಣ್ಣಬಣ್ಣದ ವೈರು, ಇಂಥ ದೃಶ್ಯ ಕಂಡರೆ ಅದು ಮಾಡ್ಯುಲರ್ ಸಿಂಥಸೈಜರ್. ಇಂದು ಇವುಗಳಲ್ಲಿ ಹೆಚ್ಚಿನವು ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದ ಮಧ್ಯದಲ್ಲಿ ತಂದ ‘ಯೂರೋರ‍್ಯಾಕ್’ ಅಳತೆಗೆ ಹೊಂದುತ್ತವೆ. ಫಲಕದ ಎತ್ತರ 128.5 ಮಿಲಿಮೀಟರ್, ಅಗಲ 5.08 ಮಿಲಿಮೀಟರ್‌ನ ಮಗ್ಗಿಯ ಲೆಕ್ಕದಲ್ಲಿ. ಈ ಶಿಸ್ತೇ ಪತ್ತೇದಾರಿಕೆಗೆ ದೊಡ್ಡ ಆಧಾರ. ಫೋಟೊದಲ್ಲಿ ಒಂದು ಫಲಕ ಯಾವುದೆಂದು ತಿಳಿದರೆ ಅದರ ಅಳತೆ ಹಿಡಿದು ಪಕ್ಕದ ಫಲಕಗಳ ಅಗಲ ಲೆಕ್ಕ ಹಾಕಬಹುದು. ಅಗಲ ಗೊತ್ತಾಯಿತೆಂದರೆ ಸಾವಿರಾರು ಫಲಕಗಳ ಪೈಕಿ ಪರಿಶೀಲಿಸಬೇಕಾದವು ಕೆಲವೇ ಕೆಲವು ಉಳಿಯುತ್ತವೆ.

ಆದರೆ ಫೋಟೊ ಎಲ್ಲವನ್ನೂ ಹೇಳುವುದಿಲ್ಲ. ಮೊಬೈಲಿನ ಮುಂಬದಿ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಎಡಬಲ ತಿರುವುಮುರುವಾಗಿರಬಹುದು. ಆಗ ನಾಬ್‌ಗಳ ಸಾಲು ಯಾವ ಯಂತ್ರಕ್ಕೂ ತಾಳೆಯಾಗುವುದಿಲ್ಲ. ಚಿತ್ರ ತೆಗೆದ ಕೋಣೆ ಗೆಳೆಯನದಾಗಿರಬಹುದು. ಕಪಾಟಿನಲ್ಲಿರುವ ಕೀಬೋರ್ಡು ಕೆಟ್ಟು ವರ್ಷಗಳಾಗಿರಬಹುದು. ಕಂಪನಿಯವರು ಪ್ರಚಾರಕ್ಕೆಂದು ಕೊಟ್ಟ ಯಂತ್ರ ಮೇಜಿನ ಮುಂದೆ ಕೂತಿರಬಹುದು. ಚಿತ್ರದಲ್ಲಿ ಇರುವುದಕ್ಕೂ ಧ್ವನಿಮುದ್ರಣದಲ್ಲಿ ಕೇಳುವುದಕ್ಕೂ ಸಂಬಂಧ ಇದ್ದೇ ಇದೆ ಎಂದು ನಂಬಿ ದುಡ್ಡು ಸುರಿದವರು ಬಹಳ.

ಕಣ್ಣಿಗೆ ಸರಿಯಾಗಿ ಕಂಡ ವಾದ್ಯವೂ ದಾರಿ ತಪ್ಪಿಸುವುದುಂಟು. ಭಾವಗೀತೆ, ಚಿತ್ರಗೀತೆಗಳಿಂದ ಕನ್ನಡಿಗರಿಗೆಲ್ಲ ಪರಿಚಿತರಾದ ಎಂ.ಡಿ. ಪಲ್ಲವಿ ಜರ್ಮನಿಯ ಆಂಡಿ ಒಟ್ಟೊ ಜೊತೆ ಸೇರಿ ‘ಬ್ಯಾಂಗಲೋರ್ ವಿಸ್ಪರ್ಸ್’ ಎಂಬ ಕೃತಿ ಮಾಡಿದ್ದಾರೆ. ಒಟ್ಟೊ ಕೈಯಲ್ಲಿರುವುದು ನೋಡಲು ಚೆಲ್ಲೊ. ಆದರೆ ಅದರ ಕಮಾನಿಗೆ ಚಲನೆ ಅಳೆಯುವ ಸೆನ್ಸರ್‌ಗಳಿವೆ. ಕೈ ಯಾವ ಕಡೆ ವಾಲಿತು, ಎಷ್ಟು ವೇಗವಾಗಿ ಎಳೆಯಿತು ಎಂಬ ಮಾಹಿತಿ ಕಂಪ್ಯೂಟರಿಗೆ ಹೋಗಿ ತಂತಿಯ ಸದ್ದನ್ನು ಆ ಕ್ಷಣದಲ್ಲೇ ಬದಲಿಸುತ್ತದೆ. ಈ ವಾದ್ಯಕ್ಕೆ ಅವರು ಇಟ್ಟ ಹೆಸರು ‘ಫೆಲ್ಲೊ’. ಫೋಟೊ ನೋಡಿ ಚೆಲ್ಲೊ ಕೊಂಡುತಂದವರಿಗೆ ಆ ಸದ್ದು ಎಂದೂ ಸಿಗುವುದಿಲ್ಲ.

ಕಿವಿಯ ಸಾಕ್ಷ್ಯ

ಭಾರತದ ಮಟ್ಟಿಗೆ ಇಂಥ ಪತ್ತೇದಾರಿಕೆಯ ದೊಡ್ಡ ಕಥೆ ಚರಣ್‌ಜಿತ್ ಸಿಂಗ್ ಅವರದು. ಹಿಂದಿ ಚಿತ್ರಗೀತೆಗಳಿಗೆ ಸ್ಟುಡಿಯೊದಲ್ಲಿ ನುಡಿಸುತ್ತಿದ್ದ ಮುಂಬೈ ವಾದಕ ಅವರು. 1982ರಲ್ಲಿ ಡಿಸ್ಕೊ ತಾಳದ ಮೇಲೆ ಹತ್ತು ರಾಗಗಳನ್ನು ಪೂರ್ತಿ ಸಿಂಥಸೈಜರಿನಲ್ಲೇ ನುಡಿಸಿ ಒಂದು ಎಲ್‌ಪಿ ಮಾಡಿದರು. ಕೇಳುವವರಿರಲಿಲ್ಲ. ತಟ್ಟೆ ಮೂಲೆ ಸೇರಿತು.

ಐದು ವರ್ಷಗಳ ಬಳಿಕ, 1987ರಲ್ಲಿ, ಅಮೆರಿಕದ ಶಿಕಾಗೊದಲ್ಲಿ ಫ್ಯೂಚರ್ ಎಂಬ ತಂಡ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದಿತು. ಟಿಬಿ-303ರ ನಾಬ್‌ಗಳನ್ನು ತಿರುಚಿ ತೆಗೆದ ಚೀರುವ, ಜಾರುವ ಆ ಸದ್ದಿನಿಂದ ಆ್ಯಸಿಡ್ ಹೌಸ್ ಎಂಬ ಹೊಸ ಸಂಗೀತವೇ ಹುಟ್ಟಿತು ಎನ್ನುತ್ತದೆ ಪಾಶ್ಚಾತ್ಯ ಚರಿತ್ರೆ. ಹಾಲೆಂಡಿನ ಎಡೊ ಬೌಮನ್ ಕೈಗೆ ಚರಣ್‌ಜಿತ್ ಅವರ ತಟ್ಟೆ ದೆಹಲಿಯ ಅಂಗಡಿಯೊಂದರಲ್ಲಿ ಸಿಕ್ಕಿ, 2010ರಲ್ಲಿ ಮರುಬಿಡುಗಡೆಯಾದಾಗ ಕೇಳಿದವರು ದಂಗಾದರು. ಅದೇ ಚೀರು, ಅದೇ ಜಾರು, ಅದೂ ಐದು ವರ್ಷ ಮೊದಲು! ಯಾರೋ ಈಚೆಗೆ ಮಾಡಿ ಹಳೆಯದೆಂದು ನಂಬಿಸುತ್ತಿದ್ದಾರೆ ಎಂಬ ಅನುಮಾನವೂ ಎದ್ದಿತು.

ಅನುಮಾನ ಬಗೆಹರಿಸಲು ಮೊದಲು ನೆರವಾಗುವುದು ಕಿವಿ. ಟಿಬಿ-303ರ ಸದ್ದಿಗೆ ಎರಡು ಗುರುತು ಗಟ್ಟಿಯಾಗಿವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವುದು ಒಂದು. ಒತ್ತು ಕೊಟ್ಟ ಸ್ವರದಲ್ಲಿ ದನಿ ಜೋರಾಗುವುದಷ್ಟೇ ಅಲ್ಲದೆ ಅದರ ಬಣ್ಣವೂ ಹರಿತವಾಗುವುದು ಇನ್ನೊಂದು. ಗಿಟಾರ್ ಅಭ್ಯಾಸ ಮಾಡುವವರಿಗೆ ಜೊತೆಗಾರ ಬೇಸ್ ಆಗಲಿ ಎಂದು ಮಾಡಿದ ಯಂತ್ರ ಅದು. ಆ ಕೆಲಸಕ್ಕೆ ಅದು ಒದಗಲಿಲ್ಲ, 1984ರ ಹೊತ್ತಿಗೆ ತಯಾರಿಕೆಯೇ ನಿಂತಿತು. ಆದರೆ ರಾಗ ನುಡಿಸುವ ಕೈಗೆ ಆ ಜಾರು ವರವಾಯಿತು. ಸ್ವರದಿಂದ ಸ್ವರಕ್ಕೆ ಹಾರುವ ಕೀಬೋರ್ಡಿನಲ್ಲಿ ರಾಗ ಸೊರಗುತ್ತದೆ ಎಂದು ಬಲ್ಲ ಭಾರತೀಯ ವಾದಕನಿಗೆ ಈ ಪೆಟ್ಟಿಗೆಯ ಗುಣ ಕೂಡಲೇ ಹೊಳೆದಿದ್ದರೆ ಅಚ್ಚರಿಯಿಲ್ಲ.

ನಂತರ ಬರುವುದು ತಾರೀಖಿನ ತರ್ಕ. ಯಂತ್ರ ಹುಟ್ಟುವ ಮೊದಲು ಅದರ ಸದ್ದು ಧ್ವನಿಮುದ್ರಣವಾಗಲಾರದು. ಟಿಆರ್-808 ಬಂದದ್ದು 1980ರಲ್ಲಿ, ಟಿಬಿ-303 ಅದರ ಬೆನ್ನಿಗೇ. ಹಾಗಾಗಿ 1982 ಸಾಧ್ಯ. ಬೇರೆಬೇರೆ ಕಂಪನಿಗಳ ಯಂತ್ರಗಳನ್ನು ಬೆಸೆಯುವ ಮಿಡಿ ಎಂಬ ಏರ್ಪಾಡು ಬಂದದ್ದು 1983ರಲ್ಲಿ. ಅದಕ್ಕೂ ಮೊದಲೇ ಈ ಎರಡು ಯಂತ್ರಗಳನ್ನು ರೋಲ್ಯಾಂಡ್‌ನದೇ ಕೇಬಲ್ಲಿನಿಂದ ಒಂದೇ ಲಯಕ್ಕೆ ಕಟ್ಟಿಹಾಕಬಹುದಿತ್ತು. ಕೊನೆಗೆ ಎಲ್ಲಕ್ಕಿಂತ ನೇರವಾದ ದಾರಿ: ಚರಣ್‌ಜಿತ್ ಸಿಂಗ್ ಬದುಕಿದ್ದರು, ಕೇಳಿದವರಿಗೆ ಯಂತ್ರಗಳ ಹೆಸರನ್ನು ತಾವೇ ಹೇಳಿದರು. ಆ ಎರಡರ ಜೊತೆ ರೋಲ್ಯಾಂಡ್ ಜುಪಿಟರ್-8 ಕೀಬೋರ್ಡ್. 2015ರಲ್ಲಿ ತೀರಿಕೊಳ್ಳುವ ಮುನ್ನ ಅದೇ ಸಂಗೀತವನ್ನು ವಿದೇಶದ ವೇದಿಕೆಗಳಲ್ಲೂ ನುಡಿಸಿದರು.

ಕನ್ನಡದ ಹಳೆಯ ಹಾಡುಗಳನ್ನು ಕೇಳುವಾಗಲೂ ಇದೇ ತರ್ಕ ಓಡಿಸಬಹುದು. 1980ರ ದಶಕದ ನಡುವಿನಿಂದ ಚಿತ್ರಗೀತೆಗಳಲ್ಲಿ ಗಾಜಿನ ಗಂಟೆಯಂಥ ನುಣುಪು ಕೀಬೋರ್ಡ್ ಸದ್ದು ಹರಡಿತಲ್ಲ, ಜಗತ್ತಿನೆಲ್ಲೆಡೆ ಅದನ್ನು ಹಬ್ಬಿಸಿದ್ದು ಯಮಾಹಾ ಡಿಎಕ್ಸ್-7. ಅದು ಮಾರುಕಟ್ಟೆಗೆ ಬಂದದ್ದು 1983ರಲ್ಲಿ. 1979ರ ಹಾಡಿನಲ್ಲಿ ಅಂಥ ಸದ್ದು ಕೇಳಿಸಿತೆಂದರೆ ಅದು ಬೇರೇನೋ. ಹಂಸಲೇಖ ಅವರ ‘ಪ್ರೇಮಲೋಕ’ ಬಂದ 1987ರ ಹೊತ್ತಿಗಾದರೆ ಆಯ್ಕೆಗಳು ಹಲವು.

ಸದ್ದಿನ ಚಿತ್ರ

ಕಿವಿ ಸೋತಲ್ಲಿ ಕಂಪ್ಯೂಟರ್ ಸ್ವಲ್ಪ ನೆರವಾಗುತ್ತದೆ. ಸ್ಪೆಕ್ಟ್ರೋಗ್ರಾಂ ಎಂಬುದು ಸದ್ದಿನ ಚಿತ್ರಪಟ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ಥಾಯಿ, ಸದ್ದು ಜೋರಿರುವಲ್ಲಿ ಬೆಳಕು. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲೂ ಇದನ್ನು ನೋಡಬಹುದು. ಇಂಗ್ಲೆಂಡಿನ ಏಫೆಕ್ಸ್ ಟ್ವಿನ್ ಎಂಬ ಕಲಾವಿದ 1999ರಲ್ಲಿ ಹೊರತಂದ ತಟ್ಟೆಯ ಒಂದು ಕೃತಿಯನ್ನು ಹೀಗೆ ತೆರೆದು ನೋಡಿದವರಿಗೆ ಗದ್ದಲದ ನಡುವೆ ಮನುಷ್ಯನ ಮುಖವೊಂದು ಕಂಡಿತು. ಚಿತ್ರವನ್ನು ಸದ್ದಾಗಿ ಬದಲಿಸುವ ತಂತ್ರಾಂಶ ಬಳಸಿ ತನ್ನ ಮುಖವನ್ನೇ ಆತ ಅಲ್ಲಿ ಅಡಗಿಸಿಟ್ಟಿದ್ದ. ಬಳಸಿದ್ದು ಕೀಬೋರ್ಡ್ ಅಲ್ಲ, ಕಂಪ್ಯೂಟರ್ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕೆನಡಾದ ಗಣಿತಜ್ಞ ಜೇಸನ್ ಬ್ರೌನ್ ಇದೇ ಬಗೆಯ ವಿಶ್ಲೇಷಣೆಯಿಂದ ಬೀಟಲ್ಸ್ ತಂಡದ ‘ಎ ಹಾರ್ಡ್ ಡೇಸ್ ನೈಟ್’ ಹಾಡಿನ ಮೊದಲ ಮೀಟಿನಲ್ಲಿ ಗಿಟಾರುಗಳ ಜೊತೆ ಪಿಯಾನೊ ಕೂಡ ಇದೆ ಎಂದು ತೋರಿಸಿದರು.

ಸದ್ದನ್ನು ಬಿಡಿಸಿ ಅದರ ಮೂಲ ಹುಡುಕುವ ಈ ಕೆಲಸಕ್ಕೆ ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ. ಮುಂದೆ ಬೆಂಗಳೂರಿನವರೇ ಆಗಿಹೋದ ಸಿ.ವಿ. ರಾಮನ್, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ತಂಬೂರಿ ಮತ್ತು ವೀಣೆಯ ಬಗ್ಗೆ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಭೌತಶಾಸ್ತ್ರದ ನಿಯಮದಂತೆ ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡನೆಯ, ನಾಲ್ಕನೆಯ, ಆರನೆಯ ಉಪಸ್ವರಗಳು ಹುಟ್ಟಬಾರದು. ತಂಬೂರಿಯಲ್ಲಿ ಅವೂ ಸ್ಪಷ್ಟವಾಗಿ ಕೇಳಿಸುತ್ತವೆ! ಕಾರಣ ತಂತಿಯನ್ನು ಹೊರುವ ಕುದುರೆಯಲ್ಲಿದೆ ಎಂದರು ರಾಮನ್. ಪಿಟೀಲಿನ ಕುದುರೆಯ ಅಂಚು ಹರಿತ. ತಂಬೂರಿಯದು ಅಗಲ, ಮೇಲ್ಮೈ ತುಸು ಬಾಗಿದ್ದು. ಕಂಪಿಸುವ ತಂತಿ ಆ ಬಾಗನ್ನು ಸವರಿ ಸವರಿ ಬಿಡುತ್ತದೆ. ತಂತಿಯಡಿಗೆ ತೂರಿಸುವ ದಾರದೆಳೆ ಆ ಸವರುವಿಕೆಯನ್ನು ಹದಕ್ಕೆ ತರುತ್ತದೆ. ಗಾಯಕರು ಆ ಎಳೆಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತ, ಝೇಂಕಾರ ಅರಳುವ ಜಾಗ ಸಿಕ್ಕೊಡನೆ ಕೈ ತೆಗೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಈ ಭೌತಶಾಸ್ತ್ರ ವಿವರಿಸಬೇಕಾಗಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ತಂಬೂರಿ

ಆ ಝೇಂಕಾರವನ್ನೇ ಪೆಟ್ಟಿಗೆಯಲ್ಲಿ ಹಿಡಿದಿಡಲು ಹೊರಟವರು ಬೆಂಗಳೂರಿನ ಜಿ. ರಾಜ್ ನಾರಾಯಣ್. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಕೊಳಲು ವಾದಕರು. 1979ರಲ್ಲಿ ಅವರು ಮಾಡಿದ ಎಲೆಕ್ಟ್ರಾನಿಕ್ ತಂಬೂರಿ ಅದೇ ವರ್ಷ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಪ್ರದರ್ಶನ ಕಂಡಿತು. ಈಗಿನ ಪೆಟ್ಟಿಗೆಗಳ ಮುಂದೆ ಅದು ದೊಡ್ಡದೇ. ಬಾಲಮುರಳಿಕೃಷ್ಣ, ವೈಣಿಕ ಈಮನಿ ಶಂಕರಶಾಸ್ತ್ರಿ ಅವರಂಥ ವಿದ್ವಾಂಸರು ಅದಕ್ಕೆ ಒಳ್ಳೆಯ ಭವಿಷ್ಯವಿದೆ ಎಂದರು. ರಾಜ್ ನಾರಾಯಣ್ ಕಟ್ಟಿದ ರಾಡೆಲ್ ಕಂಪನಿ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ‘ಸಾರಂಗ್’ ತಂಬೂರಿ, ‘ತಾಲ್‌ಮಾಲಾ’ ತಬಲಾ ಪೆಟ್ಟಿಗೆ, ಮುಂದೆ ಡಿಜಿಟಲ್ ವೀಣೆ, ಎಲ್ಲ ಅಲ್ಲಿಯವೇ.

ಕಾಲವೂ ಕೂಡಿಬಂದಿತ್ತು. ಆರ್.ಕೆ. ಬಾಳಿಗಾ ಅವರ ಕನಸಿನಂತೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ ಮುನ್ನೂರು ಎಕರೆಗೂ ಹೆಚ್ಚು ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕುತ್ತಿದ್ದ ವರ್ಷಗಳವು. ಸಾಫ್ಟ್‌ವೇರ್‌ನಿಂದಲೇ ಆ ಊರನ್ನು ಗುರುತಿಸುವ ಇಂದಿನವರು, ಸಂಗೀತ ಕಲಿಯುವ ಲಕ್ಷಾಂತರ ಮನೆಗಳ ಬೆಳಗಿನ ಶ್ರುತಿಗೂ ಅದಕ್ಕೂ ನಂಟಿದೆ ಎಂಬುದನ್ನು ನೆನೆಯುವುದೇ ಇಲ್ಲ. ನೆನೆಯಬೇಕು. ಒಬ್ಬರೇ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ತಂಬೂರಿ ಮೀಟಲು ಇನ್ನೊಬ್ಬರು ಬೇಕಿಲ್ಲವಾದದ್ದು, ಮೀರಜಿನಿಂದಲೋ ತಂಜಾವೂರಿನಿಂದಲೋ ನಾಜೂಕಾಗಿ ತರಬೇಕಿದ್ದ ವಾದ್ಯದ ಕೆಲಸವನ್ನು ಕೈಚೀಲದಲ್ಲಿ ಹಿಡಿಸುವ ಪೆಟ್ಟಿಗೆ ಮಾಡತೊಡಗಿದ್ದು ಸಣ್ಣ ಬದಲಾವಣೆಯಲ್ಲ.

ಧ್ವನಿಮುದ್ರಣವೊಂದರಲ್ಲಿ ಹಿಂದೆ ಕೇಳುತ್ತಿರುವುದು ನಿಜವಾದ ತಂಬೂರಿಯೋ ಪೆಟ್ಟಿಗೆಯೋ? ಇದನ್ನು ಹೇಳಲು ಶುರುವಿನಲ್ಲೇ ಒಂದು ಭೇದ ಮಾಡಿಕೊಳ್ಳಬೇಕು. ಕಡಿಯದೆ ಒಂದೇ ಸಮ ಹಾರ್ಮೋನಿಯಂನಂತೆ ನಿಂತ ನಾದ ಶ್ರುತಿಪೆಟ್ಟಿಗೆಯದು. ಪ-ಸ-ಸ-ಸ ಎಂದು ಮೀಟಿದಂತೆ ಬರುವುದು ತಂಬೂರಿ. ಇನ್ನು ಮೀಟಿನ ನಡುವಣ ಬಿಡುವಿಗೆ ಕಿವಿ ಕೊಡಬೇಕು. ಮನುಷ್ಯರ ಬೆರಳು ಗಾಯನ ಏರಿದಾಗ ತಾನೂ ತುಸು ಚುರುಕಾಗುತ್ತದೆ, ದಣಿದಾಗ ಮಂದವಾಗುತ್ತದೆ. ಪೆಟ್ಟಿಗೆಯಲ್ಲಿ ವೇಗದ ನಾಬ್ ಎಲ್ಲಿಗೆ ಇಟ್ಟರೋ ಅಲ್ಲಿಗೇ ನಿಂತಿರುತ್ತದೆ. ಎರಡು ಗಂಟೆಯ ಕಛೇರಿಯ ಮೊದಲ ಸುತ್ತೂ ಕೊನೆಯ ಸುತ್ತೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಅಳತೆ. ತಂಬೂರಿಯ ಶ್ರುತಿ ವೇದಿಕೆಯ ದೀಪದ ಬಿಸಿಗೋ ಏಸಿಯ ತಂಪಿಗೋ ಮೆಲ್ಲಗೆ ಜಾರುತ್ತದೆ. ಹಾಡಿನ ನಡುವೆ ಕಲಾವಿದರು ಹಿಂದಿರುಗಿ ಬಿರಡೆ ತಿರುಗಿಸುವುದು ಹಳೆಯ ಲೈವ್ ಧ್ವನಿಮುದ್ರಣಗಳಲ್ಲಿ ಕೇಳಿಯೇ ತಿಳಿಯುತ್ತದೆ.

ಪೆಟ್ಟಿಗೆಯಲ್ಲೂ ಎರಡು ತಲೆಮಾರು. ಒಂದು ಬಗೆಯಲ್ಲಿ ನಾದವನ್ನು ಸರ್ಕ್ಯೂಟ್ ತಾನೇ ಹುಟ್ಟಿಸುತ್ತದೆ. ಇನ್ನೊಂದರಲ್ಲಿ ನಿಜವಾದ ತಂಬೂರಿಯ ಮೀಟನ್ನು ಮುದ್ರಿಸಿ ಚಿಪ್ಪಿನಲ್ಲಿ ಕೂಡಿಸಿರುತ್ತಾರೆ. ಮೊದಲನೆಯದರ ಸದ್ದು ಸ್ವಲ್ಪ ದುಂಡಗೆ, ಮೀಟಿನ ಉಗುರುಸದ್ದು ಕಡಿಮೆ. ಎರಡನೆಯದು ಮೋಸಹೋಗುವಷ್ಟು ನಿಜ. ಆದರೆ ಪ್ರತಿ ಸುತ್ತಿನಲ್ಲೂ ಅದೇ ಮುದ್ರಿತ ಮೀಟು ಮರಳುವುದರಿಂದ ಸ್ಪೆಕ್ಟ್ರೋಗ್ರಾಂನಲ್ಲಿ ಒಂದೇ ಅಚ್ಚು ಸಾಲಾಗಿ ಒತ್ತಿದಂತೆ ಕಾಣುತ್ತದೆ. ಪುಣೆಯ ಸೌಂಡ್ ಲ್ಯಾಬ್ಸ್‌ನವರ ‘ರಾಗಿಣಿ’ ಸೇರಿದಂತೆ ಇಂದು ಹಲವು ಪೆಟ್ಟಿಗೆಗಳಿವೆ. ಕಿವಿ ಪಳಗಿದವರು ಒಂದರಿಂದ ಒಂದನ್ನು ಬೇರ್ಪಡಿಸುತ್ತಾರೆ.

ವೇದಿಕೆಯ ಮೇಲೆ ಎರಡು ದೊಡ್ಡ ತಂಬೂರಿ, ನಡುವೆ ಒಂದು ಪೆಟ್ಟಿಗೆ ಇರುವುದೂ ಸಾಮಾನ್ಯ. ಆಗ ಕಣ್ಣನ್ನು ನಂಬಿ ಪ್ರಯೋಜನವಿಲ್ಲ, ಮೈಕು ಯಾವುದರ ಮುಂದಿತ್ತೆಂದು ನೋಡಬೇಕು. ಯಕ್ಷಗಾನದ ಹಿಮ್ಮೇಳದಲ್ಲಿ ಪುಂಗಿ ಹೋಗಿ ಹಾರ್ಮೋನಿಯಂ, ಹಾರ್ಮೋನಿಯಂ ಹೋಗಿ ಎಲೆಕ್ಟ್ರಾನಿಕ್ ಶ್ರುತಿ ಬಂದಿದೆ. ಹಳೆಯ ಆಟಗಳ ಧ್ವನಿಮುದ್ರಣದ ಕಾಲ ಅಂದಾಜಿಸಲು ಹಿಂದಿನ ಆ ಶ್ರುತಿಯೊಂದೇ ಒಳ್ಳೆಯ ಸುಳಿವು.

ಮುಚ್ಚಳ ತೆಗೆದರೆ

ಹಳೆಯ ಯಂತ್ರವೊಂದು ಕೈಗೆ ಸಿಕ್ಕಿತೆಂದರೆ ಇನ್ನೊಂದು ದಾರಿ ತೆರೆಯುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರೆ ಒಂದು ಮೂಲೆಯಲ್ಲಿ ಧೂಳು ಹಿಡಿದ ಟ್ರಾನ್ಸ್‌ಫಾರ್ಮರ್, ಸರ್ಕ್ಯೂಟ್ ಬೋರ್ಡಿನ ಅಂಚಿನಲ್ಲಿ ಆವೃತ್ತಿಯ ಸಂಖ್ಯೆ, ಅದರ ಮೇಲೆ ಕಪ್ಪು ಚಿಪ್ಪುಗಳು. ಚಿಪ್ಪಿನ ಬೆನ್ನ ಮೇಲೆ ತಯಾರಾದ ವರ್ಷ, ವಾರ ನಾಲ್ಕು ಅಂಕಿಗಳಲ್ಲಿ ಇರುವುದುಂಟು; 8423 ಎಂದಿದ್ದರೆ 1984ರ ಇಪ್ಪತ್ತಮೂರನೇ ವಾರ. ನಕಲು ಮಾಡಬಾರದೆಂದು ಕೆಲವು ತಯಾರಕರು ಚಿಪ್ಪಿನ ಮೇಲಿನ ಸಂಖ್ಯೆಯನ್ನೇ ಉಜ್ಜಿ ಅಳಿಸುತ್ತಾರೆ. ಆಗ ಯಾವ ಕಾಲಿಗೆ ಎಷ್ಟು ವೋಲ್ಟೇಜ್ ಬರುತ್ತಿದೆ ಎಂದು ಮೀಟರ್ ಹಿಡಿದು ಊಹಿಸಬೇಕು.

ಇಂಥ ಬಿಡಿಭಾಗಗಳ ಜಾಡು ಬೆಂಗಳೂರಿಗೂ ಬರುತ್ತದೆ. ಪೀಣ್ಯಕ್ಕೆ ಹತ್ತಿಕೊಂಡಿರುವ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಬಿಇಎಲ್, 1960ರ ದಶಕದಲ್ಲಿ ರೇಡಿಯೊ ವಾಲ್ವುಗಳನ್ನೂ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸಿತು. ಗಿಟಾರಿನ ದನಿಯನ್ನು ಹರಿದ ಬಟ್ಟೆಯಂತೆ ಒರಟಾಗಿಸುವ ಫಜ್ ಪೆಡಲ್‌ಗಳ ಮೊದಲ ತಲೆಮಾರು ಇದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರಿನ ಮೇಲೆ. ಹೊಸ ಸಿಲಿಕಾನ್ ಹಾಕಿ ಕಟ್ಟಿದರೆ ಅದೇ ಒರಟು ಬರುವುದಿಲ್ಲ ಎನ್ನುವವರು ಈಗಲೂ ಹಳೆಯದನ್ನೇ ಹುಡುಕುತ್ತಾರೆ.

ಇದೇ ಊರಿನಲ್ಲಿ ಕಲಾವಿದರು ಯಂತ್ರಗಳನ್ನು ತಾವೇ ಕಟ್ಟಿಕೊಳ್ಳುವುದೂ ನಡೆದಿದೆ. ಇಂಡಿಯನ್ ಸಾನಿಕ್ ರಿಸರ್ಚ್ ಆರ್ಗನೈಸೇಷನ್ ಎಂಬ ಬೆಂಗಳೂರಿನ ಗುಂಪು ಹೊಸ ಎಲೆಕ್ಟ್ರಾನಿಕ್ ವಾದ್ಯಗಳನ್ನು ಕಟ್ಟುತ್ತ, ಅವುಗಳಲ್ಲೇ ಪ್ರಯೋಗ ನಡೆಸುತ್ತ ಬಂದಿದೆ. ಹೀಗೆ ಕಟ್ಟುವವರಿಗೆ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಸಿಗುತ್ತದೆ, ಪೀಣ್ಯದ ಶೆಡ್ಡುಗಳಲ್ಲಿ ತಗಡು ಕತ್ತರಿಸಿ, ತೂತು ಕೊರೆದು, ಪೌಡರ್ ಕೋಟಿಂಗ್ ಮಾಡಿ ಕೊಡುವವರಿದ್ದಾರೆ. ಜಗತ್ತಿನಲ್ಲಿ ಒಂದೇ ಒಂದಿರುವ ಇಂಥ ಪೆಟ್ಟಿಗೆಯನ್ನು ಯಾವ ಕ್ಯಾಟಲಾಗ್ ತಿರುವಿದರೂ ಪತ್ತೆ ಮಾಡಲಾಗದು. ಕೆಲವೊಮ್ಮೆ ಪೆಟ್ಟಿಗೆಯೇ ಇರುವುದಿಲ್ಲ. ಬಿಬಿಸಿಯ ಸದ್ದಿನ ಪ್ರಯೋಗಶಾಲೆಯಲ್ಲಿದ್ದ ಡೆಲಿಯಾ ಡರ್ಬಿಶೈರ್ 1960ರ ದಶಕದಲ್ಲಿ ಬಳಸಿದ ಪ್ರಿಯವಾದ ‘ವಾದ್ಯ’ವೊಂದು ಹಸಿರು ಬಣ್ಣದ ತಗಡಿನ ದೀಪದ ಬುಟ್ಟಿ! ಅದನ್ನು ಬಡಿದು, ಟೇಪಿಗೆ ಇಳಿಸಿ, ಬಡಿದ ಮೊದಲ ಚೂರನ್ನು ಕತ್ತರಿಸಿ ಎಸೆದು, ಉಳಿದ ಅನುರಣನವನ್ನಷ್ಟೇ ಇಟ್ಟುಕೊಂಡರು.

ಬರೆದಿಟ್ಟವರು, ಬರೆದಿಡದವರು

ಹಾಗಾದರೆ ಕೊನೆಗೆ ನೆಚ್ಚಬೇಕಾದದ್ದು ಕಾಗದವನ್ನು. ಇಲ್ಲಿ ನಮ್ಮ ಕಡೆಯ ಕೊರತೆ ಎದ್ದು ಕಾಣುತ್ತದೆ.

ಹೋಲಿಕೆಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಉದಾಹರಣೆ ನೋಡಿ. 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅಲ್ಲಿ ಮೂಗ್ ಸಿಂಥಸೈಜರಿನ ಸ್ಟುಡಿಯೊ ಕಟ್ಟಿಕೊಟ್ಟರು. ಗೀತಾ ಸಾರಾಭಾಯ್, ಅತುಲ್ ದೇಸಾಯಿ ಮೊದಲಾದವರು ಕೆಲವೇ ವರ್ಷ ಅಲ್ಲಿ ದುಡಿದರು. ಆಮೇಲೆ ಎಲ್ಲರೂ ಮರೆತರು. ಆದರೆ ಸಂಸ್ಥೆಯ ಸಂಗ್ರಹದಲ್ಲಿ ಟೇಪುಗಳು ಉಳಿದಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವುಗಳನ್ನು ಹುಡುಕಿ ತೆಗೆದು ಪುನರುದ್ಧಾರ ಮಾಡಿದ್ದರಿಂದ 2023ರಲ್ಲಿ ಅವು ಪ್ರಕಟವಾದವು. ಯಾವ ಸದ್ದು ಯಾರದು, ಯಾವ ಯಂತ್ರದ್ದು ಎಂದು ಇಂದು ಹೇಳಲು ಬರುವುದು ಆ ಟೇಪುಗಳನ್ನು ಯಾರೂ ಎಸೆಯದಿದ್ದ ಕಾರಣಕ್ಕೆ.

ಕನ್ನಡದ ಕ್ಯಾಸೆಟ್ಟುಗಳ ಒಳಚೀಟಿಯನ್ನು ಬಿಡಿಸಿ ನೋಡಿದರೆ ಗಾಯಕರ, ಸಾಹಿತಿಗಳ, ಸಂಗೀತ ನಿರ್ದೇಶಕರ ಹೆಸರಿರುತ್ತದೆ. ಕೀಬೋರ್ಡ್ ನುಡಿಸಿದವರದು, ರಿದಂ ಪ್ರೋಗ್ರಾಮ್ ಮಾಡಿದವರದು ಅಪರೂಪ. ಯಂತ್ರದ ಹೆಸರಂತೂ ಇಲ್ಲವೇ ಇಲ್ಲ. ಬಹುಕಾಲ ನಮ್ಮ ಹಾಡುಗಳು ಮದ್ರಾಸಿನ ಸ್ಟುಡಿಯೊಗಳಲ್ಲಿ ಮುದ್ರಣವಾದದ್ದೂ, ಅಲ್ಲಿನ ಕಡತಗಳು ಅಲ್ಲೇ ಉಳಿದು ಕಳೆದದ್ದೂ ಒಂದು ಕಾರಣ. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದಾಗ ಊರಿನಲ್ಲೇ ಧ್ವನಿಮುದ್ರಣದ ಪರಂಪರೆಗೆ ದಾರಿಯಾಯಿತು. ಅಂದಿನ ಕೋಣೆಗಳಲ್ಲಿ ಮಿಕ್ಸರ್ ಮುಂದೆ ಕೂತಿದ್ದ ಅನೇಕ ಎಂಜಿನಿಯರುಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೂರಿಸಿ ಮಾತಾಡಿಸಿ, ಯಾವ ಹಾಡಿಗೆ ಯಾವ ಯಂತ್ರ, ಯಾರ ಕೈ ಎಂದು ಬರೆದುಕೊಳ್ಳುವ ಕೆಲಸವನ್ನು ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳು, ಅಕಾಡೆಮಿಗಳು ಈಗಲೇ ಮಾಡಬೇಕು. ಮುಂದೆ ಕೇಳಲು ಅವರು ಸಿಗುವುದಿಲ್ಲ.

ಬರೆದಿಟ್ಟರೆ ಗುಟ್ಟು ಹೋಗುತ್ತದೆ ಎಂಬ ಅಂಜಿಕೆ ಕಲಾವಿದರಿಗೆ ಇರುವುದು ಸಹಜ. ಆದರೆ ಏಫೆಕ್ಸ್ ಟ್ವಿನ್ 2014ರ ತನ್ನ ‘ಸೈರೊ’ ಆಲ್ಬಮ್ಮಿನ ಹೊದಿಕೆಯ ಮೇಲೆ ಬಳಸಿದ ಯಂತ್ರಗಳ ಪಟ್ಟಿಯನ್ನೇ ಅಚ್ಚು ಹಾಕಿಸಿದ. ಪಟ್ಟಿ ನೋಡಿಕೊಂಡು ಅಂಥ ಇನ್ನೊಂದು ಆಲ್ಬಮ್ ಮಾಡಲು ಯಾರಿಂದಲೂ ಆಗಿಲ್ಲ. ಬಂಟ್ವಾಳದ ಸಜಿಪದಿಂದ ಬಂದ ಕದ್ರಿ ಗೋಪಾಲನಾಥರ ಕೈಯಲ್ಲಿದ್ದದ್ದು ಆಲ್ಟೊ ಸ್ಯಾಕ್ಸೊಫೋನ್ ಎಂಬುದು ಯಾರಿಗೆ ಗೊತ್ತಿರಲಿಲ್ಲ? ಗಮಕ ಹಿಡಿಯದ ಆ ವಾದ್ಯದಲ್ಲಿ ಗಮಕ ತರಲು ಅವರು ಕಳೆದ ವರ್ಷಗಳು ಅಂಗಡಿಯಲ್ಲಿ ಸಿಗುವುದಿಲ್ಲ.

ಪರದೆಯೊಳಗೆ ಹೋದ ಸ್ಟುಡಿಯೊ

ಈಗ ಹುಡುಕಾಟ ಮತ್ತಷ್ಟು ಕಷ್ಟವಾಗಿದೆ. ತಂಬೂರಿ ಮೊಬೈಲಿನ ಆ್ಯಪ್ ಆಗಿ ವೇದಿಕೆ ಏರಿದೆ. ಗಾಯಕರ ಪಕ್ಕದಲ್ಲಿರುವುದು ಮಗುಚಿಟ್ಟ ಫೋನು. ಅದರೊಳಗೆ ಯಾವ ಆ್ಯಪ್ ಓಡುತ್ತಿದೆ ಎಂದು ಫೋಟೊ ಹೇಳದು. ಟಿಬಿ-303, ಜುಪಿಟರ್-8, ಮೂಗ್ ಎಲ್ಲವೂ ಪ್ಲಗ್-ಇನ್ ಎಂಬ ತಂತ್ರಾಂಶದ ರೂಪದಲ್ಲಿ ಲ್ಯಾಪ್‌ಟಾಪಿನೊಳಗೆ ಸೇರಿವೆ. ವೈಟ್‌ಫೀಲ್ಡ್‌ನ ಮಲಗುವ ಕೋಣೆಯ ಸ್ಟುಡಿಯೊ ಚಿತ್ರದಲ್ಲಿ ಕಾಣುವುದು ಒಂದು ಲ್ಯಾಪ್‌ಟಾಪ್, ಒಂದು ಸೌಂಡ್ ಕಾರ್ಡ್, ಎರಡು ಸ್ಪೀಕರ್. ಅವೇ ಮೂರು ಎಲೆಕ್ಟ್ರಾನಿಕ್ ಸಿಟಿಯ ಪಿಜಿಯಲ್ಲೂ ಇವೆ, ಬರ್ಲಿನ್ನಿನಲ್ಲೂ ಇವೆ.

ಎಲ್ಲ ಸೆಟ್ಟಿಂಗುಗಳೂ ಹಾಡಿನ ಪ್ರಾಜೆಕ್ಟ್ ಫೈಲಿನಲ್ಲಿ ಇದ್ದೇ ಇರುತ್ತವಲ್ಲ ಎಂದು ಹಲವರು ನಿಶ್ಚಿಂತರಾಗಿದ್ದಾರೆ. ಆದರೆ ಆ ಫೈಲಿನಲ್ಲಿ ಪ್ಲಗ್-ಇನ್ ಇರುವುದಿಲ್ಲ, ಅದರ ಹೆಸರು ಮತ್ತು ನಾಬ್‌ಗಳ ಸ್ಥಾನ ಮಾತ್ರ ಇರುತ್ತದೆ. ಪ್ಲಗ್-ಇನ್ ಸಿಗದಿದ್ದರೆ ಆ ಟ್ರ್ಯಾಕ್ ಮೂಕ. 2019ರಲ್ಲಿ ಆ್ಯಪಲ್ ತನ್ನ ಹೊಸ ಮ್ಯಾಕ್ ತಂತ್ರಾಂಶದಲ್ಲಿ 32-ಬಿಟ್ ಪ್ರೋಗ್ರಾಮುಗಳನ್ನು ಕೈಬಿಟ್ಟಾಗ ಎಷ್ಟೋ ಹಳೆಯ ಪ್ಲಗ್-ಇನ್‌ಗಳು ಒಂದೇ ಏಟಿಗೆ ಸತ್ತವು. ಅವುಗಳನ್ನು ನೆಚ್ಚಿದ್ದ ಹಾಡುಗಳ ಪ್ರಾಜೆಕ್ಟುಗಳು ತೆರೆದರೂ ನುಡಿಯಲಿಲ್ಲ.

ಆ ಪೆಟ್ಟು ತಿಂದವರು ರೂಢಿ ಬದಲಿಸಿಕೊಂಡಿದ್ದಾರೆ. ಮಿಕ್ಸಿಂಗ್ ಮುಗಿದ ದಿನವೇ ಒಂದೊಂದು ಟ್ರ್ಯಾಕನ್ನೂ ಬೇರೆಬೇರೆ ವೇವ್ ಫೈಲಾಗಿ ಇಳಿಸುತ್ತಾರೆ. ಯಾವ ವಾದ್ಯ, ಯಾವ ಪ್ಲಗ್-ಇನ್, ಅದರ ಎಷ್ಟನೇ ಆವೃತ್ತಿ, ಮೈಕು ಯಾವುದು, ಶ್ರುತಿ ಎಷ್ಟು, ನುಡಿಸಿದವರು ಯಾರು ಎಂಬುದನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದು ಅದೇ ಫೋಲ್ಡರಿಗೆ ಹಾಕಿ, ಫೋಲ್ಡರಿನ ಎರಡು ಪ್ರತಿ ಮಾಡಿ ಎರಡು ಜಾಗದಲ್ಲಿ ಇಡುತ್ತಾರೆ. ಅರ್ಧ ಗಂಟೆಯ ಕೆಲಸ. ಕನ್ನಡದ ಆಲ್ಬಮ್ ಮಾಡುವ ಪ್ರತಿ ಸ್ಟುಡಿಯೊದಲ್ಲೂ ಇದು ನಡೆಯುವಂತಾದರೆ ಮುಂದಿನವರು ವಿಡಿಯೊ ನಿಲ್ಲಿಸಿ ಊಹಿಸುತ್ತ ಕೂರಬೇಕಾಗಿಲ್ಲ, ಆ ಫೈಲನ್ನು ತೆರೆದು ಓದಿಕೊಳ್ಳಬಹುದು.